ಆರನೇ ತಿರುವಿನಿಂದ ಸುಕನ್ಯಾ

"ಉದ್ದದ್ದೇ ಕೊಡಿ. ನಿಮ್ಮಂಗಡೀಲಿ ಎಲ್ಲಕ್ಕಿಂತ ಉದ್ದದ್ದು ಯಾವುದಿದೆಯೋ ಅದು."

ಬಣಕಲ್ಲಿನ ಹೆದ್ದಾರಿ ಪಕ್ಕದ ಪುಟ್ಟ ರೇಡಿಯೋ ರಿಪೇರಿ ಅಂಗಡಿಯ ಮುಂದೆ ಜೀಪು ನಿಲ್ಲಿಸಿ, ಎಂಜಿನ್ ಆರಿಸುವ ಮೊದಲೇ ಸುಕನ್ಯಾ ಹೇಳಿದ ಮಾತಿದು. ಒಳಗೆ ಯಾವುದೋ ಲಾರಿಯ ವೈರಿಗೆ ಬೆಸುಗೆ ಹಾಕುತ್ತಿದ್ದವನು ತಲೆ ಎತ್ತಿದ. ಅವಳನ್ನು ನೋಡಿದ, ಜೀಪನ್ನು ನೋಡಿದ, ಮತ್ತೆ ಅವಳನ್ನು ನೋಡಿದ.

"ಕೊಡಲ್ಲ" ಅಂದ.

ಕೊಡಲ್ಲವಂತೆ! ಅಂಗಡಿ ತೆರೆದು ಕೂತವನು ಬಂದ ಗಿರಾಕಿಗೆ ಹೇಳುವ ಮಾತೇ ಇದು? ಸುಕನ್ಯಾಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಹೆಣ್ಣುಮಗಳು ಜೀಪು ಓಡಿಸುತ್ತಾಳೆ ಅಂತ ದಾರಿಯುದ್ದಕ್ಕೂ ಕತ್ತು ತಿರುಗಿಸಿ ನೋಡಿದವರನ್ನೆಲ್ಲ ಸಹಿಸಿಕೊಂಡು ಬಂದಿದ್ದಾಳೆ. ಇಲ್ಲೂ ಒಬ್ಬನಾ!

'ಇವನಿಗೂ ನಾನು ಆಂಟೆನಾ ಕೇಳೋದು ತಮಾಷೆಯಾಗಿ ಕಂಡಿರಬೇಕು' ಎಂದುಕೊಂಡು ಜೀಪಿನಿಂದ ದುಮುಕಿದಳು.

ಆತ ಮಾತ್ರ ನಗಲಿಲ್ಲ. ಹೊರಗೆ ಬಂದು ಜೀಪಿಗೆ ಒಂದು ಸುತ್ತು ಬಂದ, ಕ್ಯಾನ್ವಾಸ್ ಟಾಪನ್ನು ಬೆರಳಿನಿಂದ ತಟ್ಟಿದ, ಗಾಡಿ ಯಾವ ದಾರಿಯಲ್ಲಿ ಓಡುತ್ತದೆ ಎಂದು ಕೇಳಿದ. ಕಳಸದ ರಸ್ತೆಯ ಕಲ್ಲುಗುಡ್ಡೆ ಎಸ್ಟೇಟು, ಕೆಳಗಿನ ಗೇಟಿನಿಂದ ಮೇಲಿನ ತೋಟಕ್ಕೆ ಹನ್ನೊಂದು ತಿರುವು, ಅಲ್ಲಿ ಮೊಬೈಲಿಗೆ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ ಎಂದು ಅವಳು ಗಡುಸಾಗಿಯೇ ಒಪ್ಪಿಸಿದಳು.

"ಎಂಟಡಿಯದ್ದು ಹಾಕಿದ್ರೆ ದೂರಕ್ಕೆ ಕೇಳ್ಸುತ್ತೆ, ಇಲ್ಲ ಅನ್ನಲ್ಲ" ಎಂದ ಆತ. "ಆದ್ರೆ ಎಸ್ಟೇಟ್ ದಾರಿ ಅಲ್ವಾ, ಕೊಂಬೆ ಬಗ್ಗಿರುತ್ತೆ. ಮೂರನೇ ತಿರುವು ದಾಟೋದ್ರೊಳಗೆ ಮುರಿಯುತ್ತೆ. ಮುರಿದ ದಿನ ನೀವು ಮೇಲಿರ್ತೀರಿ."

ಸುಕನ್ಯಾ ಅವನತ್ತ ತಿರುಗಿದಳು. ಮುರಿದರೆ ದುಡ್ಡು ದಂಡ ಎನ್ನುತ್ತಾನೆ ಎಂದುಕೊಂಡಿದ್ದಳು. ಇವನು ನೋಡಿದರೆ ಮುರಿದ ದಿನ ಅವಳು ಎಲ್ಲಿರುತ್ತಾಳೆ ಎಂದು ಯೋಚಿಸುತ್ತಿದ್ದಾನೆ! ಅಪ್ಪನನ್ನು ಬಿಟ್ಟರೆ ಆ ಯೋಚನೆ ಇದುವರೆಗೆ ಯಾರಿಗೂ ಬಂದಿರಲಿಲ್ಲ.

ಅಪ್ಪನಿಗೆ ಯಾಕೆ ಬಂತು ಅಂತೀರಾ? ಅದೂ ಒಂದು ಕಥೆ. ಅಪ್ಪ ಚಂದ್ರಶೇಖರ ಇಪ್ಪತ್ತೆಂಟು ವರ್ಷ ಅದೇ ದಾರಿಯಲ್ಲಿ ಜೀಪು ಓಡಿಸಿದವರು. ಕಳೆದ ಮಳೆಗಾಲದಲ್ಲಿ ತಿರುವಿನಲ್ಲಿ ಎಸ್ಟೇಟಿನ ಟ್ರ್ಯಾಕ್ಟರ್ ಎದುರಾಗಿ, ಹಿಂದಕ್ಕೆ ತೆಗೆಯುವಾಗ ಚಕ್ರ ಜಾರಿ, ಜೀಪು ಚರಂಡಿಗೆ ಬಿತ್ತು. ಅಪ್ಪನ ಕಾಲು ಎರಡು ಕಡೆ ಮುರಿಯಿತು. ಈಗ ಕೋಲು ಹಿಡಿದು ನಡೆಯುವ ಅವರನ್ನು ಧಣಿ ರಂಗನಾಥಗೌಡರು ಕೆಳಗಿನ ಗೇಟಿನಲ್ಲಿ ಕೂರಿಸಿದ್ದಾರೆ. ಒಂದು ಗಾಡಿ ಮೇಲಿದ್ದರೆ ಇನ್ನೊಂದನ್ನು ಬಿಡಬಾರದು, ಅಷ್ಟೇ ಕೆಲಸ. ಅದಕ್ಕೆಂದೇ ಗುಂಡಿ ಒತ್ತಿ ಮಾತಾಡುವ ಎರಡು ಸಿ.ಬಿ. ರೇಡಿಯೋ ಸೆಟ್ ತರಿಸಿದ್ದರು. ಒಂದು ಗೇಟಿನ ಮೇಜಿನ ಮೇಲೆ, ಇನ್ನೊಂದು ಜೀಪಿನಲ್ಲಿ. ಜೀಪು ಸುಕನ್ಯಾಳ ಕೈಗೆ ಬಂದಿತ್ತು.

ಸುಮ್ಮನೆ ಬಂದಿರಲಿಲ್ಲ. ಅಪ್ಪ ಕರಾರು ಹಾಕಿದ್ದರು. "ರೇಡಿಯೋ ಮಾತಾಡೋವರೆಗೆ ನೀನು ಮೇಲೆ ಹೋಗು. ಅದು ಬಾಯಿ ಮುಚ್ಚಿದ ದಿನ ಕೀ ರಾಜೇಶನ ಕೈಗೆ" ಅಂದಿದ್ದರು. ರಾಜೇಶ್ ಅವಳ ದೊಡ್ಡಪ್ಪನ ಮಗ. ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ಎರಡು ವರ್ಷ ಸೀರೆ ಮಡಚಿ ಮಡಚಿ ಉಸಿರು ಕಟ್ಟಿದ್ದ ಸುಕನ್ಯಾಗೆ ಆ ಕೀ ಅಂದರೆ ಪ್ರಾಣ. ಅದನ್ನು ಬಿಟ್ಟು ಮತ್ತೆ ಸೀರೆ ಮಡಚಲು ಹೋಗುವುದುಂಟೇ?

ಹಾಗಾಗಿ ಅವಳು ಅಂದು ಜಗಳ ಮುಂದುವರಿಸಲಿಲ್ಲ. ನಾಲ್ಕಡಿಯ ಫೈಬರ್ ಕಡ್ಡಿ, ಕೊಂಬೆ ತಾಗಿದರೆ ಬಾಗಿ ಏಳಲು ಬುಡದಲ್ಲೊಂದು ಸ್ಪ್ರಿಂಗು... ಅವನು ತೋರಿಸಿದ್ದಕ್ಕೇ ಒಪ್ಪಿದಳು.

ಕೂರಿಸಲು ಅರ್ಧ ದಿನ ಹಿಡಿಯಿತು. ಟಾಪು ಬಟ್ಟೆಯದ್ದಾದ್ದರಿಂದ ಬಾಡಿಯ ಹಿಂದಿನ ಮೂಲೆಯೇ ಗತಿ. ಆತ ಅಲ್ಲಿನ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ, ಒಳಗಿನ ತಗಡು ಬೆಳ್ಳಗೆ ಹೊಳೆಯುವಂತೆ ಮಾಡಿ, ಅದರ ಮೇಲೆ ಬ್ರಾಕೆಟ್ ಬಿಗಿದ. ಕೇಬಲನ್ನು ಸೀಟಿನ ಕೆಳಗೆ ಓಡಿಸಿದ. ಮೀಟರಿನ ಮುಳ್ಳು ನೋಡುತ್ತಾ ಕಡ್ಡಿಯ ತುದಿಯನ್ನು ಕೂದಲೆಳೆಯಷ್ಟು ಏರಿಸಿದ, ಇಳಿಸಿದ. ಅವಳು ಹಳೇ ಟೈರಿನ ಮೇಲೆ ಕೂತು, ಅವನೇ ತರಿಸಿಕೊಟ್ಟ ಚಹಾ ಕುಡಿಯುತ್ತಾ, ಇಷ್ಟು ನಿಧಾನದ ಮನುಷ್ಯನನ್ನು ಜನ್ಮದಲ್ಲಿ ನೋಡಿಲ್ಲ ಎಂದುಕೊಂಡಳು. ಆದರೆ ನೋಡುವುದನ್ನು ನಿಲ್ಲಿಸಲಿಲ್ಲ!

ಕೊನೆಗೆ ಪರೀಕ್ಷೆ. ಅಂಗಡಿಯಲ್ಲೂ ಒಂದು ಸೆಟ್ಟಿದೆ, ಎರಡು ಕಿಲೋಮೀಟರ್ ಆಚೆ ಹೋಗಿ ಮಾತಾಡಿ ಎಂದ. ಅವಳು ಹೋಗಿ, ಜೀಪು ನಿಲ್ಲಿಸಿ, ಗುಂಡಿ ಒತ್ತಿದಳು.

"ಕೊಡಲ್ಲ ಅಂದೋರು ಕೇಳಿಸ್ಕೊಳ್ತಾ ಇದೀರಾ?"

ಒಂದು ಕ್ಷಣ ಬರೀ ಕೊರ್ರ್ ಎಂಬ ಸದ್ದು. ಆಮೇಲೆ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ, "ಕೊಟ್ಟಾಯ್ತಲ್ಲ... ದಯಾನಂದ ಅಂತ ನನ್ನ ಹೆಸರು" ಎಂಬ ದನಿ ಬಂತು.

ಅವಳಿಗೆ ನಗು ತಡೆಯಲಾಗಲಿಲ್ಲ. ಅಂಗಡಿಗೆ ವಾಪಸು ಬರುವಾಗಲೂ ಆ ನಗು ಮುಖದಲ್ಲೇ ಇತ್ತು. ದಯಾನಂದ ಏನೋ ಹೇಳಲು ಬಾಯಿ ತೆರೆದವನು ಹಾಗೇ ನಿಂತ, ಹೇಳಲಿಲ್ಲ. ಅವಳು ಹೊರಟುಹೋದಳು.

ಮುಂದಿನ ಮೂರು ವಾರ ಸುಕನ್ಯಾ ಗಾಳಿಯಲ್ಲಿ ತೇಲಿದಳು ಎಂದರೆ ಸುಳ್ಳಲ್ಲ. ಒಂದೊಂದು ತಿರುವಿನಲ್ಲೂ ಗುಂಡಿ ಒತ್ತಿ "ನಾಲ್ಕನೇ ತಿರುವಿಂದ ಸುಕನ್ಯಾ" ಎನ್ನುವುದು, ಕೆಳಗಿನಿಂದ ಅಪ್ಪ "ಸರಿ ಮಗಾ" ಎನ್ನುವುದು. ಮೊದಲೆಲ್ಲ ಗೇಟಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದ ಅಪ್ಪ ಈಗ ಹೊಟ್ಟೆ ತುಂಬ ಊಟ ಮಾಡತೊಡಗಿದ್ದರು.

ಇನ್ನು ದಯಾನಂದ! ಸ್ಪ್ರಿಂಗು ಸಡಿಲವಾಗಿದೆಯೇನೋ ಎಂದು ಒಮ್ಮೆ, ಕೇಬಲಿಗೆ ಕ್ಲಿಪ್ಪು ಹಾಕಬೇಕೆಂದು ಇನ್ನೊಮ್ಮೆ, ಬಣಕಲ್ಲಿನಿಂದ ಗೇಟಿನವರೆಗೆ ಬಂದ. ಒಂದು ಕ್ಲಿಪ್ಪಿಗೆ ಅಷ್ಟು ದೂರದಿಂದ ಯಾರಾದರೂ ಬರುತ್ತಾರಾ? ಅಪ್ಪನಿಗೆ ಅರ್ಥವಾಯಿತು, ತೋಟದ ಹೆಂಗಸರಿಗೂ ಅರ್ಥವಾಯಿತು. ಸುಕನ್ಯಾಗೆ ಅರ್ಥವಾದರೂ ಆಗದವಳ ಹಾಗೆ ಇದ್ದಳು. ಅವನು ಬರುವ ದಿನ ಮಾತ್ರ ತಲೆ ಎರಡು ಸಲ ಬಾಚಿಕೊಳ್ಳುತ್ತಿದ್ದಳು.

ಜೂನ್ ಹತ್ತಿರ ಬಂತು. ಮಳೆ ಹಿಡಿಯುವ ಮುಂಚೆ ಜೀಪಿಗೆ ಕಪ್ಪು ಬಣ್ಣ ಬಳಿಯದ ಮನೆ ನಮ್ಮ ಕಡೆ ಉಂಟೇ? ನಾಲ್ಕು ತಿಂಗಳ ಮಳೆ ಕಬ್ಬಿಣವನ್ನು ಹಪ್ಪಳದ ಹಾಗೆ ತಿಂದುಹಾಕುತ್ತದೆ. ಅಪ್ಪ ಪ್ರತಿ ವರ್ಷ ಮಾಡುತ್ತಿದ್ದ ಕೆಲಸವನ್ನು ಆ ಭಾನುವಾರ ಸುಕನ್ಯಾ ಮಾಡಿದಳು. ತಳಕ್ಕೆ, ಚಕ್ರದ ಗೂಡಿಗೆ, ಒಂದು ಬೋಲ್ಟನ್ನೂ ಬಿಡದೆ ದಪ್ಪಗೆ ಬಳಿದಳು. ಆಂಟೆನಾದ ಬ್ರಾಕೆಟ್ ಬಿಚ್ಚಿ ನೋಡಿದರೆ ಕೆಳಗೆ ಬರೀ ತಗಡು! ಅಯ್ಯೋ, ಇದು ಮೊದಲು ತುಕ್ಕು ಹಿಡಿಯುವ ಜಾಗ ಎಂದು ಅಲ್ಲಿಗೆ ಎರಡು ಕೈ ಜಾಸ್ತಿಯೇ ಬಳಿದಳು. ಮೇಲೆ ಹಳೇ ಟೈರಿನ ರಬ್ಬರ್ ಟ್ಯೂಬಿನ ತುಂಡು ಕತ್ತರಿಸಿ ಇಟ್ಟಳು. ಬೋಲ್ಟುಗಳಿಗೂ ಟ್ಯೂಬಿನದೇ ವಾಷರು ಮಾಡಿ ಬಿಗಿದಳು. ದಯಾನಂದ ಕೂರಿಸಿದ್ದು ಹತ್ತು ವರ್ಷ ಬಾಳಬೇಕು ಎಂಬ ಆಸೆ ಅವಳಿಗೆ.

ಅಂದೇ ಮಧ್ಯಾಹ್ನ ದಯಾನಂದನ ಸೋದರತ್ತೆ ನಂಜಮ್ಮ ಮನೆಗೆ ಬಂದರು. ಹೆಣ್ಣು ಕೇಳಲು!

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಸುಕನ್ಯಾಳ ಎದೆ ಢವಢವ ಹೊಡೆದುಕೊಂಡಿತು. ಆದರೆ ಮರುಕ್ಷಣ ಕಿವಿಗೆ ಬಿದ್ದದ್ದು ನಂಜಮ್ಮನ ಮುಂದಿನ ಮಾತು. ಮದುವೆಯಾದ ಮೇಲೆ ಹುಡುಗಿ ಈ ಗಾಡಿ ಓಡಿಸುವುದೆಲ್ಲ ಬೇಡ, ನಮ್ಮ ಹುಡುಗನಿಗೆ ಅದು ಸರಿಬರಲ್ಲ ಎಂದು ಅವರು ಅಪ್ಪನಿಗೆ ಹೇಳುತ್ತಿದ್ದರು. ಹಾಲಿನಂಥ ಮನಸ್ಸಿಗೆ ಹುಳಿ ಹಿಂಡಿದ ಹಾಗಾಯಿತು. ಕಿಟಕಿಯಿಂದ ನೋಡಿದರೆ ದಯಾನಂದ ಒಳಗೂ ಬಾರದೆ ಜೀಪಿನ ಹಿಂದೆ ನಿಂತಿದ್ದಾನೆ. ಅವನ ಕೈ ಆಂಟೆನಾದ ಮೇಲಿದೆ.

ಸೋಮವಾರ ಬೆಳಿಗ್ಗೆ ಮೊದಲ ತಿರುವಿನಲ್ಲಿ ಗುಂಡಿ ಒತ್ತಿದಳು. ಎರಡನೆಯದರಲ್ಲಿ ಒತ್ತಿದಳು. ಮೂರನೆಯದರಲ್ಲೂ ಒತ್ತಿದಳು. ಕೊರ್ರ್ ಎಂಬ ಸದ್ದಿನ ಹೊರತು ಏನೂ ಇಲ್ಲ... ರೇಡಿಯೋ ಬಾಯಿ ಮುಚ್ಚಿತ್ತು.

'ಇವನೇ. ಇವನೇ ಏನೋ ಮಾಡಿದಾನೆ. ರೇಡಿಯೋ ಸತ್ರೆ ಅಪ್ಪ ಕೀ ಕಿತ್ಕೊಳ್ತಾರೆ ಅಂತ ನಾನೇ ಅವನಿಗೆ ಹೇಳಿದ್ನಲ್ಲ... ಗಾಡಿ ಬಿಡ್ಸೋಕೆ ಎಷ್ಟು ಸುಲಭದ ದಾರಿ!'

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರಾ? ಆದರೆ ಮನಸ್ಸು ನೊಂದ ಹುಡುಗಿಗೆ ಗಾದೆ ಹೇಳಿ ಗೆದ್ದವರಿಲ್ಲ. ಅಂದು ರಾತ್ರಿ ಅವಳು ಊಟ ಬಿಟ್ಟಳು. ಕೀ ಹೋಗುತ್ತದೆಂಬ ಸಂಕಟ ಒಂದು ಕಡೆ, ಅವನು ಇಂಥವನಾ ಎಂಬ ಸಂಕಟ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಅವಳಿಗೇ ತಿಳಿಯಲಿಲ್ಲ.

ಅಪ್ಪ ದಯಾನಂದನಿಗೆ ಫೋನ್ ಮಾಡೋಣ ಅಂದರು. ಅವಳು ಬೇಡವೇ ಬೇಡ ಅಂದಳು. ಹಾಗಾದರೆ ಈ ವಾರ ಮುಗಿಯುವವರೆಗೆ ಹಾರ್ನ್ ಹೊಡೆದುಕೊಂಡು ಓಡಿಸು, ಭಾನುವಾರ ಕೀ ರಾಜೇಶನಿಗೆ ಎಂದರು ಅಪ್ಪ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು, ಅದಕ್ಕೇ ಅವಳು ಎದುರಾಡಲಿಲ್ಲ.

ಬುಧವಾರ ಬೆಳಿಗ್ಗಿನಿಂದ ಮಳೆ ಹೊಡೆಯುತ್ತಲೇ ಇತ್ತು. ಮಧ್ಯಾಹ್ನ ಎರಡಕ್ಕೆಲ್ಲ ಮೇಸ್ತ್ರಿ ಕೆಲಸ ನಿಲ್ಲಿಸಿದ. ಸುಕನ್ಯಾ ಆರು ಜನ ಹೆಂಗಸರನ್ನು ಹತ್ತಿಸಿಕೊಂಡು ಇಳಿಯತೊಡಗಿದಳು. ಆರನೇ ತಿರುವಿನಲ್ಲಿ ಬ್ರೇಕ್ ತುಳಿದು ಹಾರ್ನ್ ಹೊಡೆಯಬೇಕು, ಅಷ್ಟರಲ್ಲಿ ಮುಂದೆ ಗುಡ್ಡವೇ ಗುಡುಗಿದಂಥ ಸದ್ದಾಯಿತು. ಜೀಪಿನ ಮೂತಿಯಿಂದ ಇಪ್ಪತ್ತು ಅಡಿ ಮುಂದೆ ರಸ್ತೆ ಪಕ್ಕದ ಮಣ್ಣಿನ ಧರೆ ಜಾರಿತು. ಕೆಸರು, ಬಂಡೆ, ಎರಡು ಸಿಲ್ವರ್ ಓಕ್ ಮರ, ಎಲ್ಲವೂ ರಸ್ತೆಗೆ ಅಡ್ಡ ಬಂದು ಬಿದ್ದವು.

ಯಾರೂ ಕಿರುಚಲಿಲ್ಲ. ಸುಕನ್ಯಾ ಜೀಪನ್ನು ಹಿಂದಕ್ಕೆ ತೆಗೆದು, ಬಂಡೆಗಲ್ಲಿನ ಗಟ್ಟಿ ಜಾಗದಲ್ಲಿ ನಿಲ್ಲಿಸಿ, ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರಿಗೂ ಒಂದು ಗೀರಿಲ್ಲ. ಎಲ್ಲರಿಗಿಂತ ಹಿರಿಯಳಾದ ಹುಚ್ಚಮ್ಮ ಎಲೆಯಡಿಕೆ ಚೀಲ ಬಿಚ್ಚುತ್ತಾ, ಬದುಕಿದೆವಲ್ಲ ಬಿಡು, ದಾರಿ ಬಿಡಿಸುವುದು ಧಣಿಗಳ ಕೆಲಸ ಎಂದಳು.

ಆದರೆ ಸುಕನ್ಯಾಗೆ ಅಪ್ಪನದೇ ಚಿಂತೆ. 'ಆ ಸದ್ದು ಗೇಟಿಗೆ ಕೇಳಿರುತ್ತೆ. ಅಪ್ಪ ಕೇಳಿಸ್ಕೊಂಡಿರ್ತಾರೆ. ಆಮೇಲೆ ನನ್ನ ದನಿ ಇಲ್ಲ... ಏನಂದ್ಕೋತಾರೆ?'

ಗುಂಡಿ ಒತ್ತಿದಳು. ಕೂಗಿದಳು. ಬೇಡಿಕೊಂಡಳು. ಆ ಹಾಳು ರೇಡಿಯೋ ಕೊರ್ರ್ ಎಂದಿತೇ ಹೊರತು ಅಪ್ಪನ ದನಿ ಬರಲಿಲ್ಲ. ಇಳಿದು ಹೋಗೋಣವೆಂದರೆ ಮಣ್ಣು ಇನ್ನೂ ಉದುರುತ್ತಿದೆ, ಆರು ಜನರನ್ನು ಬಿಟ್ಟು ಹೋಗುವ ಹಾಗೂ ಇಲ್ಲ. ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಳು. ಅಪ್ಪನನ್ನು ನೆನೆದು ಕಣ್ಣೀರು ತಾನಾಗಿ ಇಳಿಯಿತು.

ಮುಕ್ಕಾಲು ಗಂಟೆ ಕಳೆದಿರಬೇಕು. ಜಾರಿದ ಧರೆಯ ಮೇಲ್ಗಡೆ, ಕಾಫಿ ಗಿಡಗಳ ಸಾಲಿನಲ್ಲಿ ಯಾರೋ ಗಿಡ ಹಿಡಿದು ಹಿಡಿದು ಬರುತ್ತಿರುವುದು ಕಂಡಿತು. ಮೊಣಕಾಲಿನವರೆಗೆ ಕೆಸರು, ಕಾಲ ತುಂಬ ರಕ್ತ ಹೀರುವ ಇಂಬಳ, ಹೆಗಲಲ್ಲಿ ಒಂದು ಚೀಲ.

ದಯಾನಂದ!

ಅವನು ಜೀಪಿನ ಬಳಿ ಬಂದು ಒಳಗೆ ಬಗ್ಗಿ, ತುಟಿ ಅಲ್ಲಾಡಿಸಿ ತಲೆ ಎಣಿಸಿದ. ಏಳು. ಇನ್ನೊಂದು ಸಲ ಎಣಿಸಿದ. ಆಮೇಲೆ ಬಾನೆಟ್ಟಿನ ಮೇಲೆ ಎರಡೂ ಕೈಯೂರಿ ಉಸಿರು ಬಿಟ್ಟ.

ಅವನನ್ನು ನೋಡಿದ ಕೂಡಲೇ ಸುಕನ್ಯಾಗೆ ಹೋದ ಜೀವ ಬಂದ ಹಾಗಾಗಿತ್ತು. ಹಾಗಾಯಿತಲ್ಲ ಎಂದೇ ಅವಳಿಗೆ ಸಿಟ್ಟು ಬಂತು.

"ನೀವು ಮಾಡಿದ್ದು ಹೇಗೆ ಕೆಲಸ ಮಾಡ್ತಿದೆ ಅಂತ ನೋಡೋಕೆ ಬಂದ್ರಾ?"

"ಹೌದು. ಮಾತಾಡ್ತಿಲ್ಲ ಅಂತ ನಿಮ್ಮಪ್ಪ ಬೆಳಿಗ್ಗೆ ಫೋನ್ ಮಾಡಿದ್ರು" ಎಂದ ಅವನು, ಆ ಮಾತಿನ ಮೊನೆ ತಿಳಿಯದೆ. "ಗೇಟಲ್ಲಿದ್ದೆ. ಧರೆ ಬಿದ್ದ ಸದ್ದು ಕೇಳ್ತು. ನಿಮ್ಮಪ್ಪ ಕೋಲು ಬಿಟ್ಟು ನಡೆಯೋಕೆ ಹೋದ್ರು... ಹಿಡಿದು ಕೂರ್ಸಿ ಬಂದಿದೀನಿ. ಮೊದ್ಲು ಅವ್ರಿಗೆ ಹೇಳ್ಬೇಕು."

ಮತ್ತೊಂದು ಮಾತಾಡದೆ ಜೀಪಿನ ಹಿಂದೆ ಹೋದ. ಚೀಲದಿಂದ ಮೀಟರ್ ತೆಗೆದು ಕೇಬಲಿಗೆ ಸಿಕ್ಕಿಸಿ, ಅವಳಿಗೆ ಗುಂಡಿ ಒತ್ತಲು ಹೇಳಿದ. ಮುಳ್ಳು ಹಾರಿ ಕೊನೆಗೆ ಹೋಗಿ ನಿಂತಿತು, ದನಿ ಹೊರಗೆ ಹೋಗದೆ ವಾಪಸು ಬರುತ್ತಿದೆ ಎಂದರ್ಥ. ಅವನು ಬ್ರಾಕೆಟ್ಟನ್ನು ಹಿಡಿದು ನೋಡಿದ, ಅಂಚಿನಲ್ಲಿ ಇಣುಕುತ್ತಿದ್ದ ಟ್ಯೂಬಿನ ತುಂಡನ್ನು ಮುಟ್ಟಿದ.

"ಇದರಡಿಗೆ ಬಣ್ಣ ಬಳಿದೋರು ಯಾರು?"

"ನಾನೇ. ತುಕ್ಕು ಹಿಡೀಬಾರ್ದು ಅಂತ."

"ಟ್ಯೂಬು?"

"ಅದೂ ನಾನೇ" ಎಂದಳು. ಹೇಳುತ್ತಿದ್ದಂತೆ ಅವಳ ದನಿ ತಗ್ಗಿತು.

ಅವನು ಬಯ್ಯಲಿಲ್ಲ. ಬೋಲ್ಟು ಬಿಚ್ಚುತ್ತಾ ಮೆಲ್ಲಗೆ ವಿವರಿಸಿದ. ಆಂಟೆನಾಗೆ ಕಡ್ಡಿ ಅರ್ಧ, ಜೀಪಿನ ಬಾಡಿ ಇನ್ನರ್ಧ. ಬ್ರಾಕೆಟ್ ಬರೀ ತಗಡಿಗೆ ತಾಗಿದ್ದರೇ ಅದಕ್ಕೆ ಜೀವ. ನಡುವೆ ಬಣ್ಣ, ರಬ್ಬರು ಬಂದರೆ ಸಂಬಂಧವೇ ಕಡಿದುಹೋಯಿತು. ಟ್ಯೂಬು ಕಿತ್ತೆಸೆದು, ಚಾಕುವಿನಿಂದ ಬಣ್ಣ ಕೆರೆದು, ಉಪ್ಪುಕಾಗದ ಉಜ್ಜಿ ತಗಡನ್ನು ಬೆಳ್ಳಗೆ ಮಾಡಿ ಮತ್ತೆ ಬಿಗಿದ. ಈ ಸಲ ಗುಂಡಿ ಒತ್ತಿದಾಗ ಮುಳ್ಳು ಮೇಲೇಳಲೇ ಇಲ್ಲ, ದನಿ ಹೊರಗೆ ಹೋಗುತ್ತಿತ್ತು.

"ಮಾತಾಡಿ" ಅಂದ.

"ಅಪ್ಪಾ... ಆರನೇ ತಿರುವಿಂದ ಸುಕನ್ಯಾ. ಏಳು ಜನಾನೂ ಸರಿ ಇದೀವಿ ಅಪ್ಪ. ಯಾರಿಗೂ ಏನೂ ಆಗಿಲ್ಲ."

ಕೊರ್ರ್ ಎಂದಿತು. ನಿಂತಿತು. ಆಮೇಲೆ ಅಪ್ಪನ ದನಿ ಬಂತು.

"ಸರಿ ಮಗಾ... ಸರಿ."

ಅಷ್ಟೇ. ಆದರೆ ಅಪ್ಪ ಗುಂಡಿಯಿಂದ ಬೆರಳು ತೆಗೆಯಲು ಮರೆತಿದ್ದರು. ಅವರು ಬಿಕ್ಕಿ ಬಿಕ್ಕಿ ಅಳುವುದು ಜೀಪಿನ ತುಂಬ ಕೇಳಿಸಿತು. ಸುಕನ್ಯಾಳೂ ಅತ್ತಳು, ಹಿಂದೆ ಕೂತ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಅಪ್ಪ ಚೇತರಿಸಿಕೊಂಡು, ಜೆಸಿಬಿ ಹೊರಟಿದೆ, ಕದಲಬೇಡ ಎಂದರು. ಆರು ಜನರನ್ನು ಒಂದು ಗೀರೂ ಆಗದಂತೆ ಕಾಪಾಡಿದವಳ ಕೈಯಿಂದ ಕೀ ಕಿತ್ತುಕೊಳ್ಳುವಷ್ಟು ದಡ್ಡ ನಾನಲ್ಲ, ರಾಜೇಶ ಬೇರೆ ಕೆಲಸ ನೋಡಿಕೊಳ್ಳಲಿ ಎಂದೂ ಹೇಳಿದರು. ಮೂರು ದಿನದಿಂದ ಎದೆಯ ಮೇಲಿದ್ದ ಬಂಡೆ ಆಗ ಸರಿಯಿತು.

ಹುಚ್ಚಮ್ಮ ಸುಣ್ಣದ ಬೆರಳಿನಿಂದಲೇ ಸುಕನ್ಯಾಳನ್ನು ತಿವಿದಳು. "ಹಿಂದೆ ಒಬ್ರು ಮಳೇಲಿ ನಿಂತಿದಾರೆ ಮಾರಾಯ್ತಿ. ಅವ್ರಿಗೂ ಏನಾದ್ರೂ ಹೇಳು" ಎಂದು ಉಳಿದವರ ಕಡೆ ತಿರುಗಿ ಕೂತಳು.

ಸುಕನ್ಯಾ ಇಳಿದು ಹೋದಳು. ದಯಾನಂದ ಕಾಲಿನ ಇಂಬಳ ಕೀಳುತ್ತಿದ್ದ.

"ಅಲ್ಲಿಗೆ ಬಣ್ಣ ಬಳೀಬಾರ್ದು ಅಂತ ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳ್ಬೇಕು ಅಂತಾನೇ ಇದ್ದೆ. ಅವತ್ತು ಅಂಗಡಿ ಮುಂದೆ..." ಅವನು ತಲೆ ಎತ್ತಲಿಲ್ಲ. "ನೀವು ನಗ್ತಾ ಬಂದ್ರಿ. ಮರ್ತೋಯ್ತು."

ಆದರೂ ಎದೆಯಲ್ಲಿ ಚುಚ್ಚುತ್ತಿದ್ದ ಮುಳ್ಳು ಹಾಗೇ ಇತ್ತು. ನಂಜಮ್ಮ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ರೇಡಿಯೋವನ್ನು ಅವನೇ ಕೆಡಿಸಿದನೆಂದು ಮೂರು ದಿನ ನಂಬಿದ್ದನ್ನೂ ಮುಚ್ಚಿಡಲಿಲ್ಲ.

ದಯಾನಂದನ ಮುಖ ಬಿಳಿಚಿಕೊಂಡಿತು. "ಅತ್ತೆ ಹಾಗಂದ್ರಾ? ನನಗೆ ಗೊತ್ತಿಲ್ಲ. ಹುಡುಗಿ ಮನೆಯೋರಿಗೆ ಹಾಗಂದ್ರೆ ಸಮಾಧಾನ ಆಗುತ್ತೆ ಅಂತ ಅವ್ರೇ ಸೇರ್ಸಿರ್ಬೇಕು." ಕೊನೆಯ ಇಂಬಳ ಕಿತ್ತೆಸೆದ. "ನಾನು ಒಳಗೆ ಬರೋಕೆ ಧೈರ್ಯ ಸಾಲದೆ ಹೊರಗೆ ನಿಂತಿದ್ದೆ. ಕಡ್ಡಿಗೆ ಬಳ್ಳಿ ಸುತ್ಕೊಂಡಿತ್ತು, ಬಿಡಿಸ್ತಾ ಇದ್ದೆ. ನೋಡಿ... ಗಾಡಿ ಓಡಿಸ್ಕೊಂಡು ಬಂದೋಳನ್ನೇ ಅಲ್ವಾ ನಾನು ಮೊದಲು ನೋಡಿದ್ದು? ಅದನ್ನ ಬಿಡು ಅಂತ ಹೇಗೆ ಹೇಳ್ಲಿ? ಇವತ್ತು ಆ ಸದ್ದು ಕೇಳಿದಾಗ... ನಿಮ್ಮ ದನಿ ಇನ್ನೊಂದ್ಸಲ ಕೇಳ್ಸಿದ್ರೆ ಸಾಕು, ಬೇರೇನೂ ಬೇಡ ಅನ್ನಿಸ್ತು ನನಗೆ."

ಇಷ್ಟುದ್ದದ ಮಾತನ್ನು ಆ ಮನುಷ್ಯ ಜನ್ಮದಲ್ಲಿ ಆಡಿರಲಿಕ್ಕಿಲ್ಲ. ಸುಕನ್ಯಾ ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಅವನ ಕೈಗೆ ಕೊಟ್ಟಳು. ಇಂಥವನ ಮೇಲೆ ಎಂಥ ಅನುಮಾನ ಪಟ್ಟೆ ಎಂದು ನಾಚಿಕೆಯಾಯಿತು. ಅನುಮಾನ ಸುಳ್ಳಾಯಿತಲ್ಲ ಎಂದು ಅದಕ್ಕಿಂತ ಹೆಚ್ಚು ಹಗುರವಾಯಿತು.

ಜೆಸಿಬಿ ಮಣ್ಣು ಸರಿಸಿ ಒಂದು ಗಾಡಿ ದಾಟುವಷ್ಟು ದಾರಿ ಬಿಡಿಸುವಾಗ ಐದೂವರೆ. ಮಳೆ ನಿಂತು ಗುಡ್ಡದ ಮೇಲೆ ಇನ್ನೂ ಬೆಳಕಿತ್ತು. ದಯಾನಂದ ನಡೆದೇ ಇಳಿಯುತ್ತೇನೆ ಎಂದು ಹೊರಟ. ಸುಕನ್ಯಾ ಪಕ್ಕದ ಸೀಟು ತೋರಿಸಿ ಕೂತುಕೊಳ್ಳಿ ಎಂದಳು. ಕೂತ. ಹಿಂದಿನ ಸೀಟಿನವರೆಲ್ಲ ಇದ್ದಕ್ಕಿದ್ದಂತೆ ಹೊರಗಿನ ಕಾಫಿ ಗಿಡಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು!

ಅವಳು ರಸ್ತೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು.

"ನಾನು ಗಾಡಿ ಬಿಡೋದಿಲ್ಲ."

"ಬಿಡ್ಬೇಡಿ."

"ಮದುವೆ ಆದ್ಮೇಲೂ ಬಿಡೋದಿಲ್ಲ."

"ಬಿಡ್ಬೇಡಿ ಅಂದೆನಲ್ಲ..." ಎಂದವನು ಥಟ್ಟನೆ ಅವಳ ಕಡೆ ತಿರುಗಿದ. "ಯಾರ ಮದುವೆ?"

ಸುಕನ್ಯಾಳ ಕಿವಿ ಕೆಂಪಾಯಿತು. "ನಿಮ್ಮತ್ತೆ ಯಾರದ್ದು ಕೇಳೋಕೆ ಬಂದಿದ್ರೋ, ಅದೇ."

ಅವನು ಒದ್ದೆ ಟವೆಲನ್ನು ಸುಮ್ಮನೆ ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಅವನ ಕಣ್ಣಲ್ಲಿ ನೀರಿತ್ತು.

"ಏನಾದ್ರೂ ಮಾತಾಡಿ ಮಾರಾಯ್ರೆ."

"ಆಡ್ತೀನಿ... ಈಗ ಆಗ್ತಿಲ್ಲ."

ಅವಳು ಫಸ್ಟ್ ಗೇರು ಹಾಕಿ, ಮೆಲ್ಲಗೆ ಕ್ಲಚ್ ಬಿಟ್ಟಳು.

"ಆಗ್ಲಿ, ನಿಧಾನಕ್ಕೆ ಹೇಳಿ. ಇನ್ನೂ ಐದು ತಿರುವು ಇದೆ."